ಟ್ರಿಪ್ ಆಗದ ರಿಲೇ

ನಾನು ಓದಿದ್ದು ಏಳನೇ ಕ್ಲಾಸು. ಯಾರಾದರೂ ಕೇಳುವ ಮೊದಲೇ ಅದನ್ನು ಹೇಳಿಬಿಡುವುದು ನನ್ನ ಅಭ್ಯಾಸ. ಆಮೇಲೆ ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಸುಟ್ಟ ಮೋಟಾರಿನ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸದು ಸುತ್ತಿ ಕೊಡುವ ಕೆಲಸ. ಸಿಂಗಟಗೆರೆ, ಸಖರಾಯಪಟ್ಟಣದ ಕಡೆಯಿಂದ ಪಂಪ್‌ಸೆಟ್ಟುಗಳು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ನಾನು ಸುತ್ತಿದ ಮೋಟಾರು ಅದೇ ವರ್ಷ ಎರಡನೇ ಸಲ ಅಂಗಡಿಗೆ ಬಂದದ್ದಿಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಎಂಬತ್ತರ ಹೊತ್ತಿಗೆ ಸ್ಟಾರ್ಟರು, ಫ್ಯೂಸು, ರಿಲೇಗಳನ್ನೂ ಮಾರತೊಡಗಿದೆ. ರಿಲೇ ಎಂದರೆ ಸ್ಟಾರ್ಟರ್ ಡಬ್ಬದ ಒಳಗೆ ಕೂರುವ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕರಿ ಸಾಮಾನು. ಮೋಟಾರು ತಾಳಲಾರದಷ್ಟು ಕರೆಂಟು ಹರಿದರೆ ಅದರೊಳಗಿನ ಪಟ್ಟಿ ಕಾದು ಬಾಗಿ ಲೈನು ಕಡಿಯುತ್ತದೆ. ಇದಕ್ಕೆ ಟ್ರಿಪ್ ಆಗುವುದು ಎನ್ನುತ್ತೇವೆ, ಕೆಲಸದವರ ಬಾಯಲ್ಲಿ ರಿಲೇ ಬೀಳುವುದು. ಮೋಟಾರು ನಿಲ್ಲುತ್ತದೆ, ಆದರೆ ಸುಡದೆ ಉಳಿಯುತ್ತದೆ. ಕೊಳ್ಳುವವರಿಗೆ ಮಾತ್ರ ಈ ಸಾಮಾನಿನ ಮೇಲೆ ಮೊದಲಿನಿಂದಲೂ ಅನುಮಾನ. ಓಡಿಸುವ ಸಾಮಾನಿಗೆ ದುಡ್ಡು ಕೊಡಬಹುದು, ನಿಲ್ಲಿಸುವ ಸಾಮಾನಿಗೆ ಯಾಕೆ ಕೊಡಬೇಕು? ರಿಲೇ ಟ್ರಿಪ್ ಆದಾಗಲೆಲ್ಲ ಅದು ಕೆಟ್ಟಿದೆ ಎಂದೇ ತಿಳಿಯುತ್ತಿದ್ದರು. ಮಾರಿದವನು ಬೇಕಂತಲೇ ಕೆಡಿಸಿ ಕೊಟ್ಟಿದ್ದಾನೆ ಎನ್ನುವವರೂ ಇದ್ದರು.

ಅಜ್ಜಂಪುರದಲ್ಲಿ ಒಬ್ಬ ಸಾಹುಕಾರರ ಗಿರಣಿಯಿತ್ತು. ಅಕ್ಕಿಯನ್ನೂ ಮಾಡುತ್ತಿದ್ದರು, ಎಣ್ಣೆಯನ್ನೂ ತೆಗೆಯುತ್ತಿದ್ದರು. ಐದೈದು ಎಚ್.ಪಿ.ಯ ಆರು ಮೋಟಾರುಗಳು. ಅವುಗಳ ರಿಪೇರಿಯೆಲ್ಲ ನನ್ನದೇ. ಆ ಕಡೆಯ ಮಿಕ್ಕ ಗಿರಣಿಯವರು ಈ ಸಾಹುಕಾರರು ಯಾರನ್ನು ಕರೆಯುತ್ತಾರೆಂದು ನೋಡಿಕೊಂಡು ಅವರನ್ನೇ ಕರೆಯುತ್ತಿದ್ದರು. ಇವರು ನನ್ನನ್ನು ಬಿಟ್ಟರೆ ಅಜ್ಜಂಪುರದ ಸುತ್ತಿನ ಕೆಲಸವೆಲ್ಲ ಹೋದಂತೆ. ನಾನು ಹಿಂದೆ ಹಾಕಿದ್ದ ರಿಲೇಗಳು ಹಳೆಯವಾಗಿದ್ದವು. ಅವರು ಒಂದು ದಿನ ಹೊಸ ಆರು ರಿಲೇಗೆ ದರ ಬರೆದು ಕೊಡು ಎಂದರು. ಒಂದಕ್ಕೆ ಎಪ್ಪತ್ತೆರಡು ರೂಪಾಯಿ ಎಂದು ಬರೆದು ಕೊಟ್ಟೆ.

ಮುಂದಿನ ವಾರ ಹೋದಾಗ ಸಾಹುಕಾರರು ಒಂದು ಡಬ್ಬ ತೆಗೆದು ಮೇಜಿನ ಮೇಲೆ ಇಟ್ಟರು.

"ಏನಪ್ಪಾ, ಇದೇನು ಗೊತ್ತಾ?"

"ರಿಲೇ ಕಣ್ರೀ ಸಾವ್ಕಾರ್ರೆ."

"ತರೀಕೆರೆ ಅಂಗ್ಡೀದು. ಐವತ್ತೆಂಟು. ಅದೇ ಕಂಪ್ನಿ, ಅದೇ ಡಬ್ಬ. ನಿಂದು ಎಪ್ಪತ್ತೆರಡು. ಹದಿನಾಕು ರೂಪಾಯಿ ಎಲ್ಲೋಯ್ತಪ್ಪ? ಬರ್ತಾ ರೈಲಲ್ಲಿ ಬಿದ್ದೋಯ್ತಾ?"

ಅಕ್ಕಿ ಮಾಡುವ ಮೆಷಿನ್ನಿನ ಹತ್ತಿರ ನಿಂತಿದ್ದ ಹಳೇ ಕೆಲಸಗಾರ ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿನಲ್ಲಿ ನಾನು ಕೊಳ್ಳುವ ದರವೇ ಅರವತ್ತನಾಲ್ಕು. ಐವತ್ತೆಂಟಕ್ಕೆ ಅದನ್ನು ಯಾರು ಮಾರುತ್ತಾರೆ? ಹಳೇ ರಿಲೇ ತೊಳೆದು, ಹೊಳಪು ಕೊಟ್ಟು, ಹೊಸ ಡಬ್ಬಕ್ಕೆ ತುಂಬಿ ಮಾರುವವರು ಆಗ ಇದ್ದರು. ನಾನೇ ಒಂದು ಸಲ ಮೋಸ ಹೋಗಿದ್ದೆ.

"ಡೂಪ್ಲಿಕೇಟ್ ಕಣ್ರೀ. ಹಳೇದನ್ನ ತೊಳ್ದು ತುಂಬಿದ್ದಾರೆ," ಎಂದುಬಿಟ್ಟೆ. ಡಬ್ಬ ಇನ್ನೂ ಮುಟ್ಟಿರಲಿಲ್ಲ.

"ಬಿಚ್ಚಿ ತೋರ್ಸು ಮತ್ತೆ."

ಬಿಚ್ಚಿದೆ. ಒಂದೊಂದೇ ಸ್ಕ್ರೂ ಬೆಳಕಿಗೆ ಹಿಡಿದು ನೋಡಿದೆ. ಯಾವುದಕ್ಕೂ ಸ್ಕ್ರೂಡ್ರೈವರ್ ತಾಗಿದ ಗೀರು ಇರಲಿಲ್ಲ. ಪಟ್ಟಿ ಕಾದು ಕಪ್ಪಾಗಿರಲಿಲ್ಲ. ಮೂಸಿ ಕೂಡ ನೋಡಿದೆ. ಹೊಚ್ಚ ಹೊಸದು, ಅಸಲಿ ಮಾಲು.

"ಎಲ್ಲಪ್ಪ ಡೂಪ್ಲಿಕೇಟು? ನಿನ್ ಮಾತೇ ಡೂಪ್ಲಿಕೇಟ್ ಇದ್ದಂಗಿದೆ," ಎಂದರು ಸಾಹುಕಾರರು. "ಆರೂ ಅಲ್ಲಿಂದಾನೇ ತರಿಸ್ತೀನಿ. ನೀನು ಬಂದು ಹಾಕ್ಕೊಡು."

"ಕೊಟ್ಟೋರೇ ಹಾಕ್ಕೊಡ್ಲಿ ಬಿಡಿ," ಎಂದು ಚೀಲ ಎತ್ತಿಕೊಂಡು ಹೊರಟೆ.

ಬೀರೂರು ಬರುವವರೆಗೂ ರೈಲಿನಲ್ಲಿ ಯಾರ ಮೇಲೆ ಅನುಮಾನ ಪಡಲಿಲ್ಲ ಎಂದು ಕೇಳಿ. ತರೀಕೆರೆಯವನದು ಕಳ್ಳಮಾಲು ಇರಬೇಕು. ಇಲ್ಲ, ಸಾಹುಕಾರರ ಗುಮಾಸ್ತನಿಗೆ ಅದರಲ್ಲಿ ಪಾಲಿರಬೇಕು. ಇಲ್ಲ, ಬೆಂಗಳೂರಿನವನೇ ನನಗೆ ಹೆಚ್ಚಿಗೆ ಹಾಕಿ ಅವನಿಗೆ ಕಡಿಮೆಗೆ ಕೊಡುತ್ತಿರಬೇಕು. ನನ್ನ ಕಣ್ಣಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಹದಿನೈದು ದಿನವಾಗಿರಬಹುದು. ಗಿರಣಿಯ ಆ ಕೆಲಸಗಾರ ಕಡೂರು ಸಂತೆಗೆ ಬಂದವನು ಅಂಗಡಿಯ ಮುಂದೆ ನಿಂತ.

"ಮೇಸ್ತ್ರಿ, ತರೀಕೆರೆ ರಿಲೇ ಅಂದ್ರೆ ರಿಲೇ ನೋಡು. ಹಾಕ್ದಾಗಿಂದ ಒಂದ್ಸಲಾನೂ ಬಿದ್ದಿಲ್ಲ. ನೀನು ಹಾಕಿದ್ವು ದಿನಕ್ಕೆರಡು ಸಲ ಬಿದ್ದು ನಮ್ ಜೀವ ತಿಂತಿದ್ವು."

"ಒಂದ್ಸಲಾನೂ ಇಲ್ವಾ?"

"ಭತ್ತ ಸಿಕ್ಕಾಕ್ಕೊಂಡು ಬೆಲ್ಟ್ ಕಿರ್ ಅಂದ್ರೂ ಬೀಳಲ್ಲ ಕಣೋ!"

ಅವನು ಹೋದ ಮೇಲೆ ನನ್ನ ಅಂಗಡಿಯ ಒಂದು ರಿಲೇ ಕೈಗೆ ತೆಗೆದುಕೊಂಡೆ. ಅದರ ಮುಖದ ಮೇಲೆ, ಎಷ್ಟು ಕರೆಂಟಿಗೆ ಬೀಳಬೇಕೆಂದು ತಿರುಗಿಸಿಡುವ ಒಂದು ಸಣ್ಣ ಚಕ್ರ, ಸುತ್ತಲೂ ಅಂಕಿಗಳು: ಆರರಿಂದ ಹತ್ತು ಆಂಪಿಯರ್. ಐದು ಎಚ್.ಪಿ. ಮೋಟಾರು ಎಳೆಯುವುದು ಏಳೂವರೆ. ಆಗ ನೆನಪಾಯಿತು. ಸಾಹುಕಾರರ ಮೇಜಿನ ಮೇಲೆ ಬಿಚ್ಚಿದ ರಿಲೇಯಲ್ಲಿ ಅಂಕಿ ಹದಿನಾಲ್ಕರಿಂದ ಶುರುವಾಗಿತ್ತು. ಐದು ಎಚ್.ಪಿ. ಮೋಟಾರು ಸುಡುವಷ್ಟು ಕರೆಂಟು ಹರಿದರೂ ಅದು ಬೀಳುವುದಿಲ್ಲ. ಸ್ಕ್ರೂವಿನಲ್ಲಿ ಕಳ್ಳತನ ಹುಡುಕುತ್ತಿದ್ದವನು ಎದುರಿಗಿದ್ದ ಅಂಕಿಯನ್ನು ಕಂಡೂ ಗಮನಿಸಿರಲಿಲ್ಲ. ನಮ್ಮ ಕಡೆ ಎಲ್ಲ ಸಣ್ಣ ಪಂಪ್‌ಸೆಟ್ಟು. ಹದಿನಾಲ್ಕರ ರಿಲೇ ಕೇಳುವವರಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದ್ದ ಮಾಲನ್ನು ತರೀಕೆರೆಯವನು ಐವತ್ತೆಂಟಕ್ಕೆ ಸಾಗಿಸಿದ್ದ. ಮೋಟಾರು ಯಾವುದೆಂದು ಅವನು ಕೇಳಲಿಲ್ಲವೋ, ಸಾಹುಕಾರರು ಹೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ಅಜ್ಜಂಪುರದಲ್ಲಿದ್ದೆ. ಸಾಹುಕಾರರು ಪೂರ್ತಿ ಕೇಳಲೂ ಇಲ್ಲ. "ಅವತ್ತು ಡೂಪ್ಲಿಕೇಟ್ ಅಂದೆ. ಇವತ್ತು ನಂಬರ್ ಅಂತೀಯ. ನಾಳೆ ಏನಂತೀಯೋ."

"ಹಂಗಾದ್ರೆ ಓಡ್ತಿರೋ ಮೋಟಾರಿಂದ ಒಂದು ಫ್ಯೂಸ್ ಕೀಳ್ತೀನಿ. ರಿಲೇ ಸರಿಯಿದ್ರೆ ನಿಲ್ಲಿಸ್ಬೇಕು. ನಿಲ್ಲಿಸ್ದೆ ಮೋಟಾರ್ ಸುಟ್ರೆ, ನನ್ ತಂತಿ, ನನ್ ಕೂಲಿ. ಒಂದು ಪೈಸೆ ಕೇಳಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆಗಲಿ ಎಂದು ತಲೆಯಾಡಿಸಿದರು.

ಮೂರರಲ್ಲಿ ಒಂದು ಫ್ಯೂಸ್ ಕಿತ್ತೆ. ಉಳಿದ ಎರಡು ಲೈನಿನಲ್ಲೇ ಹೆಚ್ಚು ಕರೆಂಟು ಕುಡಿದು ಭಾರ ಎಳೆಯುತ್ತ ಮೋಟಾರು ಗುಂಯ್ ಎಂದು ನರಳತೊಡಗಿತು. ಅದರ ಮೈ ಮೇಲೆ ಅಂಗೈ ಇಟ್ಟುಕೊಂಡು ನಿಂತೆ. ಸಾಹುಕಾರರು ಸ್ಟಾರ್ಟರ್ ಡಬ್ಬವನ್ನು ನೋಡುತ್ತಿದ್ದರು. ಅದು ಟ್ರಿಪ್ ಆಗಲಿಲ್ಲ. ಅಂಗೈ ಇಡಲಾಗದಷ್ಟು ಮೈ ಕಾಯಿತು, ಕೈ ತೆಗೆದೆ. ತಂತಿಗೆ ಬಳಿದ ವಾರ್ನಿಶ್ ಕಾದ ವಾಸನೆ ಸಣ್ಣಗೆ ಮೂಗಿಗೆ ಬಂತು. ಆ ಮೋಟಾರು ಸುತ್ತಿದವನು ನಾನೇ. ಆದರೂ ಸ್ವಿಚ್ಚಿನ ಕಡೆ ಕೈ ಒಯ್ಯಲಿಲ್ಲ.

"ನಿಲ್ಸಲೇ, ನಿಲ್ಸು!" ಎಂದು ಕೂಗಿದ ಸಾಹುಕಾರರು ತಾವೇ ಹೋಗಿ ಸ್ವಿಚ್ ಎಳೆದರು.

ಮೋಟಾರು ತಣ್ಣಗಾಗಲಿ ಎಂದು ಊಟದ ಹೊತ್ತಿನವರೆಗೂ ಕಾದೆವು. ಆಮೇಲೆ ನನ್ನ ರಿಲೇ ಹಾಕಿ ಮತ್ತೆ ಫ್ಯೂಸ್ ಕಿತ್ತೆ. ಒಂದು ಬೀಡಿ ಅರ್ಧ ಸೇದುವಷ್ಟರಲ್ಲಿ ಟಕ್ ಎಂದು ಟ್ರಿಪ್ ಆಯಿತು.

"ಬೇಗ ಬೀಳೋ ಹಂಗೆ ಮನೇಲೇ ಮಾಡ್ಕೊಂಡ್ ಬಂದಿಲ್ಲ ತಾನೆ?" ಎಂದರು ಸಾಹುಕಾರರು.

"ಅಂಕಿ ನೀವೇ ಓದಿ."

ಕನ್ನಡಕ ಹಾಕಿಕೊಂಡು ಎರಡರದೂ ಓದಿದರು. "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಾನು ನೋಡ್ಲಿಲ್ಲ ಸಾವ್ಕಾರ್ರೆ." ಈ ಮೂರು ಮಾತು ಆಡುವುದಕ್ಕೆ ಒಂದು ಮೋಟಾರು ಸುತ್ತುವಷ್ಟು ಕಷ್ಟವಾಯಿತು.

ಮೋಟಾರು, ಅದು ಎಳೆಯುವ ಆಂಪಿಯರು, ಅದಕ್ಕೆ ತಕ್ಕ ರಿಲೇ, ಎಲ್ಲವನ್ನೂ ಸಾಲಾಗಿ ಒಂದು ಹಾಳೆಯಲ್ಲಿ ಬರೆಸಿಕೊಂಡರು. ಆರ್ಡರು ನನ್ನದೇ ಎಂದು ಖುಷಿಯಿಂದ ಬರೆದೆ. ಅವರು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ತರೀಕೆರೆ ಬಸ್ಸು ಹತ್ತಿದರು!

ತರೀಕೆರೆಯವನು ತಕರಾರಿಲ್ಲದೆ ಆರನ್ನೂ ವಾಪಸ್ಸು ತೆಗೆದುಕೊಂಡನಂತೆ. ಸರಿಯಾದ ಅಂಕಿಯದಕ್ಕೆ ಎಪ್ಪತ್ತು ಹೇಳಿದನಂತೆ. ಸಾಹುಕಾರರು ಅವನ ಹತ್ತಿರ ಮೂರು ಕೊಂಡರು. ನನ್ನನ್ನೂ ಎಪ್ಪತ್ತಕ್ಕೆ ಇಳಿಸಿ ಮಿಕ್ಕ ಮೂರು ಕೊಂಡರು. ಆರನ್ನೂ ಹಾಕುವ ಕೆಲಸ ಮಾತ್ರ ನನಗೇ ಬಂತು, ಗಿರಣಿಯ ಬಾಗಿಲೂ ನನ್ನ ಪಾಲಿಗೆ ಮುಚ್ಚಲಿಲ್ಲ. ನಾನು ಒಂದೊಂದೇ ಕೂರಿಸಿ ಸ್ಕ್ರೂ ಬಿಗಿದ ಹಾಗೆ ಆ ಕೆಲಸಗಾರ ಕೆಂಪು ಪೇಂಟಿನಲ್ಲಿ ಅದರ ಮೇಲೆ ಕಡೂರಿಗೆ 'ಕ', ತರೀಕೆರೆಗೆ 'ತ' ಎಂದು ಬರೆಯುತ್ತ ಬಂದ. ಸಾಹುಕಾರರು ಆರನೆಯದು ಮುಗಿಯುವವರೆಗೂ ಕೂರದೆ, ನಿಂತೇ ನನ್ನ ಕೈಯನ್ನು ನೋಡುತ್ತಿದ್ದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಹತ್ತಿರ ಬಂದು ನಿಲ್ಲುತ್ತಿದ್ದೆ.