ಜಿಂಕೆಯ ಕಾಲು

ಮೇಸ್ತ್ರಿಗೆ ಈ ಲೋಕದಲ್ಲಿ ಕಂಡರಾಗದವರು ಬಹಳ ಮಂದಿ. ಅವರಲ್ಲಿ ಮೊದಲ ಸ್ಥಾನ ಹೆಂಡತಿಯ ತಮ್ಮನದು. ಮನೆ ಸಾಮಾನು ಸಾಗಿಸುವುದು ಮೇಸ್ತ್ರಿಯ ಕಸುಬು. ಲಿಫ್ಟ್ ಇಲ್ಲದ ಕಟ್ಟಡಗಳನ್ನು ಹತ್ತಿ ಇಳಿದು ಅವನ ಮಂಡಿ ಸವೆದಿತ್ತು, ನಾಲಿಗೆ ಮಾತ್ರ ಸವೆದಿರಲಿಲ್ಲ. ಭಾಮೈದನನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಹೆಂಡತಿಯ ಕಾಟ ತಾಳಲಾರದೆ. ಆ ಭಾಮೈದನೋ ಓಟದ ಹುಚ್ಚ. ರಜೆ ಬಂತೆಂದರೆ ಬೆಟ್ಟದ ಮೇಲೆ ಇಡೀ ದಿನ ಹತ್ತಿ ಇಳಿಯುವ ಓಟ. ಮೇಸ್ತ್ರಿ ಅವನಿಗೆ ಜಿಂಕೆ ಎಂದು ಹೆಸರಿಟ್ಟಿದ್ದ. ಪ್ರೀತಿಯಿಂದ ಇಟ್ಟದ್ದಲ್ಲ.

“ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡ್ಬೇಕು, ಬಸ್ಸು ತಪ್ಪಿಹೋಗೋ ಹಾಗಿದ್ರೆ ಓಡ್ಬೇಕು. ಸುಮ್‌ಸುಮ್ನೆ ಓಡೋನಿಗೆ ಏನನ್ಬೇಕು?” ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ.

“ಕುಡಿಯಲ್ಲ, ಜೂಜಾಡಲ್ಲ. ಓಡಿದ್ರೆ ಓಡ್ಲಿ ಬಿಡ್ರೀ,” ಎನ್ನುತ್ತಿದ್ದಳು ಹೆಂಡತಿ.

ಈ ಮಾತಿಗೇ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಕುಡಿಯುತ್ತಿದ್ದ.

ಆ ಸೋಮವಾರ ನಾಲ್ಕನೆಯ ಮಹಡಿಯ ಮನೆಯೊಂದನ್ನು ಖಾಲಿ ಮಾಡಬೇಕಿತ್ತು. ಜಿಂಕೆ ಹಿಂದಿನ ಸಂಜೆಯಷ್ಟೇ ಬೆಟ್ಟದ ಓಟ ಮುಗಿಸಿ ಬಂದಿದ್ದ. ಮೆಟ್ಟಿಲನ್ನು ಹೇಗೋ ಹತ್ತಿದ. ಇಳಿಯುವ ಚೆಂದ ನೋಡಬೇಕಿತ್ತು! ಗೋಡೆ ಹಿಡಿದು, ಕೆಳಕ್ಕೆ ಬೆನ್ನು ಮಾಡಿ, ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿಯುತ್ತಿದ್ದ.

“ತೊಡೆ ಹಿಡ್ಕೊಂಡಿದೆ ಭಾವ. ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ. ಇಳಿಜಾರಲ್ಲಿ ಓಡುವಾಗ ಮೈಭಾರ ಎಲ್ಲಾ ತೊಡೆನೇ ತಡೀಬೇಕು. ಇವತ್ತೊಂದಿನ ಮೇಲಿನ ಕೆಲಸ ಕೊಡಿ, ಗಂಟು ಕಟ್ತೀನಿ.”

“ಪಾಠ ಸಾಕು. ಕಪಾಟು ಹಿಡಿ.”

ಕಪಾಟು ಇಳಿಸುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬೀಳುತ್ತದೆ. ಅಲ್ಲಿ ಅನುಭವಸ್ಥ ನಿಲ್ಲಬೇಕು ಎಂಬುದು ಈ ಕಸುಬಿನ ಧರ್ಮ. ಮಂಡಿ ನೋವಿದ್ದರೂ ಮೇಸ್ತ್ರಿ ಆ ಜಾಗವನ್ನು ಯಾರಿಗೂ ಬಿಟ್ಟವನಲ್ಲ. ಅಂದು ಜಿಂಕೆಗೆ ಬಿಟ್ಟ. ಬುದ್ಧಿ ಕಲಿಸಬೇಕೆಂದೇ ಬಿಟ್ಟ, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ.

ಎರಡನೆಯ ಮಹಡಿಯ ತಿರುವಿನಲ್ಲಿ ಜಿಂಕೆಯ ಕಾಲು ಗಡಗಡ ನಡುಗಿತು. ಕಪಾಟನ್ನು ಗೋಡೆಗೆ ಒರಗಿಸಿ ಕುಸಿದು ಕೂತ. ಹೆಂಡತಿ ದಿನಾ ಜೇಬಿಗೆ ಹಾಕಿ ಕಳಿಸುತ್ತಿದ್ದ ಮಂಡಿ ನೋವಿನ ಮಾತ್ರೆಗಳನ್ನು ಮೇಸ್ತ್ರಿ ತೆಗೆದು ಎರಡು ಕೊಟ್ಟ.

“ನುಂಗು. ಬೆಟ್ಟ ಹತ್ತೋಕೆ ಬರುತ್ತೆ, ಕಪಾಟು ಹೊರೋಕೆ ಬರಲ್ವಾ?”

“ಸ್ವಲ್ಪ ನೀರು...”

“ಲಾರಿ ತುಂಬಿದ ಮೇಲೆ ಕುಡಿಯುವಿಯಂತೆ.”

ಜಿಂಕೆ ಒಣ ಬಾಯಲ್ಲೇ ನುಂಗಿದ. ಮಂಚ ಇಳಿಸುವ ಮೊದಲು ಇನ್ನೆರಡು ನುಂಗಿಸಿದ್ದಾಯಿತು. ಮಧ್ಯಾಹ್ನ ಕಳೆದ ಮೇಲೆ, ಖಾಲಿಯಾದ ಮನೆಯ ಬಚ್ಚಲಿನಿಂದ ಕೂಗು ಕೇಳಿಸಿತು.

“ಭಾವ, ಒಂಚೂರು ಬನ್ನಿ ಇಲ್ಲಿ.”

ಮೇಸ್ತ್ರಿ ಬೈಯುತ್ತಲೇ ಹೋದ. ಜಿಂಕೆಯ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಗಿತ್ತು. “ಏನು ತಿಂದ್ಕೊಂಡು ಬಂದಿದ್ಯೋ?” ಎಂದು ಗದರುತ್ತಲೇ ಹುಡುಗನನ್ನು ಹೊತ್ತು ಇಳಿಸಿದ. ಹೊರುವುದು ಅವನಿಗೆ ಗೊತ್ತಿದ್ದ ಕೆಲಸ. ಯಾರದೋ ಮಂಚ, ಸೋಫಾ, ಪಾತ್ರೆಗಳ ಸಮೇತ ಲಾರಿ ಆಸ್ಪತ್ರೆಯ ಮುಂದೆ ನಿಂತಾಗ, ಕಾವಲುಗಾರ ಇಲ್ಲಿ ಮನೆ ಬಾಡಿಗೆಗಿಲ್ಲ ಎಂದು ನಕ್ಕ. ಅವನಿಗೆ ಎರಡು ಬಿಗಿಯಬೇಕೆನ್ನಿಸಿತು ಮೇಸ್ತ್ರಿಗೆ.

ರಕ್ತದ ವರದಿ ಬರುವಷ್ಟರಲ್ಲಿ ಹೆಂಡತಿಯೂ ಓಡಿ ಬಂದಿದ್ದಳು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ.

“ಅತಿಯಾಗಿ ಓಡಿ ತೊಡೆಯ ಸ್ನಾಯು ಒಡೆದಿದೆ. ಒಡೆದಿದ್ದೆಲ್ಲ ರಕ್ತಕ್ಕೆ ಸೇರಿದೆ. ಅದನ್ನ ಸೋಸೋಕೆ ಹೋಗಿ ಕಿಡ್ನಿ ಕಟ್ಕೊಳ್ತಾ ಇದೆ. ಮಲಗಿ ನೀರು ಕುಡಿಯೋ ಹೊತ್ತಲ್ಲಿ ಭಾರ ಹೊತ್ತಿದ್ದೀಯಲ್ಲಪ್ಪ! ನೋವಿನ ಮಾತ್ರೆ ಏನಾದ್ರೂ ತಗೊಂಡ್ಯಾ? ಈ ಸ್ಥಿತೀಲಿ ಅದು ಕಿಡ್ನಿಗೆ ವಿಷ.”

ಜಿಂಕೆ ಭಾವನ ಮುಖ ನೋಡಲಿಲ್ಲ. “ಒಂದು ತಗೊಂಡೆ. ನಾನೇ,” ಎಂದ.

ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅವನಿಗೆ ಕಡುಕೋಪ ಬಂತು. ಈ ಪುಟಗೋಸಿ ಹುಡುಗ ತನಗೆ ಉಪಕಾರ ಮಾಡುವುದೇ? ಅಕ್ಕನ ಎದುರು ತನ್ನ ಮಾನ ಕಾಪಾಡಲು ಇವನು ಯಾರು? ಹುಟ್ಟಿದಾಗಿನಿಂದ ಯಾರ ಮೇಲೂ ಅಷ್ಟು ದ್ವೇಷ ಬಂದಿರಲಿಲ್ಲ ಅವನಿಗೆ.

“ಸುಳ್ಳು ಬೊಗಳ್ತಾನೆ! ಒಂದಲ್ಲ, ನಾಲ್ಕು. ನಾನೇ ನುಂಗಿಸಿದ್ದು. ನೀರೂ ಕೊಡ್ಲಿಲ್ಲ. ಬರ್ಕೊಳ್ಳಿ!”

ಡಾಕ್ಟರಮ್ಮ ಅವನನ್ನೊಮ್ಮೆ ನೋಡಿದಳು. ನರ್ಸನ್ನು ಕರೆದು ಡಯಾಲಿಸಿಸ್‌ಗೆ ಸಿದ್ಧ ಮಾಡಿಕೊಳ್ಳಲು ಹೇಳಿ, ಹುಡುಗನ ಪ್ರಾಣದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದು ಹೊರಟುಹೋದಳು.

ಹುಡುಗನನ್ನು ಒಳಗಿನ ಕೋಣೆಗೆ ಸಾಗಿಸಿದರು. ಹೆಂಡತಿ ರಂಪ ಮಾಡುತ್ತಾಳೆಂದು ಮೇಸ್ತ್ರಿ ಹೊರಗೆ ಕಾದ. ಅದಕ್ಕೆ ಉತ್ತರವೂ ಅವನಲ್ಲಿ ಸಿದ್ಧವಿತ್ತು: ಓಡು ಅಂದವರು ಯಾರು? ಅವಳು ದನಿ ಎತ್ತಲಿಲ್ಲ.

“ಆ ಮಾತ್ರೆ ನಾನು ತರ್ತಿದ್ದೆ ಅನ್ಕೊಂಡಿದ್ರಾ? ಅವನು ಕಣ್ರೀ ತರ್ತಿದ್ದದ್ದು. ‘ಭಾವನ ಮಂಡಿ ನೋಡೋಕಾಗಲ್ಲ ಅಕ್ಕ, ನಾನು ತಂದಿದ್ದು ಅನ್ಬೇಡ, ಅವರು ನುಂಗಲ್ಲ’ ಅಂತಿದ್ದ.”

ಅಷ್ಟು ಹೇಳಿ ಅವಳು ತಮ್ಮನ ಕೋಣೆಗೆ ಹೋದಳು. ಮೇಸ್ತ್ರಿ ಹಿಂದೆಯೇ ಒಂದು ಹೆಜ್ಜೆ ಇಟ್ಟ. ಅವಳು ಅವನ ಮುಖಕ್ಕೇ ಬಾಗಿಲು ಹಾಕಿಕೊಂಡಳು.