ಬೋಂಡನನ್ನು ಸೂಲಿಬೆಲೆಗೆ ಬಿಟ್ಟು ಬಂದದ್ದು

ಬೆಳಗ್ಗೆ ಏಳಕ್ಕೆ ದೊಡ್ಡಬಳ್ಳಾಪುರ ಸೀಮೆಯ ನಮ್ಮ ಮಧುರೆ ಬಿಟ್ಟೆವು. ಲಗೇಜ್ ಆಟೋದ ಹಿಂಬದಿಯಲ್ಲಿ ಗೋಣಿಚೀಲ ಹಾಸಿ, ಬೋಂಡನನ್ನು ತೊಡೆಗೆ ಒತ್ತಿಕೊಂಡು ಕೂತೆ. ಬೋಂಡ ನಾನು ಕೆಲಸ ಮಾಡುವ ನಾಯಿಗಳ ಆಶ್ರಯಧಾಮದ ಕಂದು ನಾಯಿ. ಲಾರಿ ತಾಗಿ ಎರಡು ಕಣ್ಣೂ ಹೋಗಿವೆ. ಸಾಕುತ್ತೇವೆಂದು ಒಯ್ದ ಎರಡು ಮನೆಯವರು ವಾರದೊಳಗೇ ವಾಪಸ್ ತಂದುಬಿಟ್ಟಿದ್ದರು. ನಮ್ಮಲ್ಲೇ ಇಟ್ಟುಕೊಳ್ಳೋಣವೆಂದರೆ ಉಳಿದ ನಾಯಿಗಳು ಬಿಡವು. ಮೊನ್ನೆ ಕಿವಿಯನ್ನೇ ಹರಿದಿದ್ದವು. ಇನ್ನೊಂದು ಕಚ್ಚಾಟವಾದರೆ ಇವನು ಬದುಕುವುದಿಲ್ಲ. ಸೂಲಿಬೆಲೆ ಕಡೆಯ ಈ ಮನೆಯೂ ಕೈತಪ್ಪಿದರೆ ಏನು ಗತಿ ಎಂದು ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಮೊದಲೇ ನಾನು ಪುಕ್ಕಲು ಹೆಂಗಸು.

"ಅಕ್ಕ, ಮುಂದೆ ಬಂದು ಕೂತ್ಕೊಳ್ಳಿ, ಸೊಂಟ ಹಿಡ್ಕೊಳ್ಳುತ್ತೆ" ಎಂದ ಆಟೋ ಮುನಿರಾಜು.

"ನನ್ನ ಸೊಂಟ ನಾನು ನೋಡ್ಕೋತೀನಿ, ನೀನು ರೋಡ್ ನೋಡಪ್ಪ" ಎಂದು ರೇಗಿದೆ. ಹೋಗಿಬರಲು ಸಾವಿರದೆಂಟುನೂರು ಬಾಡಿಗೆ. ಐವತ್ತು ಕಿಲೋಮೀಟರಿಗೂ ಮೇಲಿನ ದಾರಿ. ಹಳ್ಳ ಸಿಕ್ಕಿದಾಗೆಲ್ಲ ಬೋಂಡ ಉಗುರು ಊರಿ ನನ್ನ ಮಂಡಿ ಗೀರುತ್ತಿದ್ದ.

ದೊಡ್ಡಬಳ್ಳಾಪುರದಲ್ಲಿ ಇಡ್ಲಿ ತಿಂದೆವು. ಬೋಂಡ ಮೂಸಿಯೂ ನೋಡಲಿಲ್ಲ. ದೇವನಹಳ್ಳಿ ಹತ್ತಿರವಾದಂತೆ ವಿಮಾನಗಳು ತಲೆಯ ಮೇಲೇ ಇಳಿಯತೊಡಗಿದವು. ನಮಗಾದರೆ ಕಾಣುತ್ತದೆ, ಅವನಿಗೆ ಆಕಾಶವೇ ಬೀಳುತ್ತಿದೆ ಎನಿಸಿರಬೇಕು. ಗಡಗಡ ನಡುಗಿ ನನ್ನ ಸೀರೆಯ ಮೇಲೆಯೇ ಉಚ್ಚೆ ಹೊಯ್ದ. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಮುನಿರಾಜು ಕನ್ನಡಿಯಲ್ಲಿ ನೋಡಿ, "ಇಬ್ರೂ ಒಟ್ಟಿಗೇ ನಡುಗ್ತಿದ್ದೀರಲ್ಲಕ್ಕ!" ಎಂದು ನಕ್ಕ.

ಸೂಲಿಬೆಲೆ ದಾಟಿ ಮಣ್ಣುರಸ್ತೆ ಹಿಡಿದಾಗ ಬಿಸಿಲು ಏರಿತ್ತು. ಡೇರಿಗೆ ಹಾಲು ಹಾಕುವ ಜಯಮ್ಮನವರ ಮನೆ. ದನದ ಡಾಕ್ಟರರ ಫೋನಿನಲ್ಲಿ ಬೋಂಡನ ಫೋಟೋ ನೋಡಿ ತಾವಾಗಿಯೇ ಕೇಳಿದವರು.

"ಕಣ್ಣು ಕಾಣಲ್ಲ ಅಂತ ಗೊತ್ತು ತಾನೆ?" ಎಂದು ಮತ್ತೊಮ್ಮೆ ಕೇಳಿದೆ.

"ಅಯ್ಯೋ, ನಮ್ಮತ್ತೆಗೂ ಕಾಣ್ತಿರ್ಲಿಲ್ಲ ಕಣಮ್ಮ. ಒಂದು ಚೆಂಬೂ ಜಾಗ ಬಿಟ್ಟು ಕದಲಂಗಿಲ್ಲ ಅಂತ ಕಟ್ಟಪ್ಪಣೆ. ಸತ್ತು ಮೂರ್ವರ್ಸ ಆಯ್ತು, ಇನ್ನೂ ಹಂಗೇ ಇಟ್ಟಿದ್ದೀವಿ. ಅವರ ಮಂಚ ನೋಡಿ, ಅಲ್ಲೇ ಐತೆ." ಜಗಲಿಯ ಮೇಲೆ ಕಬ್ಬಿಣದ ಮಂಚ ಗೋಡೆಗೆ ಆತುಕೊಂಡಿತ್ತು. ಬೋಂಡ ಮೂಸುತ್ತ ಜಗಲಿಯ ಆ ತುದಿಗೆ ಹೋಗಿ, ಈ ತುದಿಗೆ ಬಂದು, ಮಂಚದ ಕೆಳಗೆ ನುಸುಳಿ ಮಲಗಿದ. ಅಬ್ಬ, ಇದೇ ಇವನ ಮನೆ ಎನಿಸಿತು.

ಆಮೇಲೆ ಕೃಷಿ ಹೊಂಡ ಕಣ್ಣಿಗೆ ಬಿತ್ತು. ಅಂಗಳದ ಕೆಳಗೇ, ನಮ್ಮ ಆಟೋ ನಿಂತಿದ್ದ ರಸ್ತೆಗೂ ಮನೆಗೂ ನಡುವೆ. ಕಪ್ಪು ಪ್ಲಾಸ್ಟಿಕ್ ಹಾಸಿದ ಇಳಿಜಾರು, ತುಂಬ ನೀರು. ಕಾಲಿಟ್ಟರೆ ಜಾರುವುದೊಂದೇ, ಹತ್ತಲಾಗದು. ಬೇಲಿ ಒಂದು ಕಡೆ ಬಿದ್ದುಹೋಗಿತ್ತು. ಆ ಕಡೆ ಬೆರಳು ತೋರಿಸಿ ಜಯಮ್ಮನವರ ಮುಖ ನೋಡಿದೆ.

"ನಮ್ಮನೆಯವ್ರು ಹೊಸಕೋಟೆಗೆ ಡ್ಯೂಟಿಗೆ ಹೋಗವ್ರೆ. ಸಂಜೆ ಬಂದು ಬೇಲಿ ಕಟ್ತಾರೆ."

"ಅಲ್ಲೀವರೆಗೂ ಇದರಲ್ಲಿ ಕಟ್ಹಾಕಿ" ಎಂದು ಹಗ್ಗ ಚಾಚಿದೆ. ಜಯಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

"ದನ ಕೊಟ್ರೂ ಹಗ್ಗ ಕೊಡಲ್ಲ ನಾವು. ಬಿಚ್ಕೊಂಡು ತಗೊಂಡ್ಹೋಗಿ. ಹಳೇ ಹಗ್ಗ ಇದ್ರೆ ಮನಸ್ಸು ಹಳೇ ಮನೇಗೇ ಎಳೀತದೆ."

"ಇದೇನು ಹಸುವಾ?"

"ನಮ್ಮನೇಗೆ ಬಂದಿದ್ದು ಹೌದಲ್ಲ? ನಮ್ಮ ಹಗ್ಗ ಕೊಟ್ಟಿಗೇಲೈತೆ, ತಂದು ಕಟ್ತೀನಿ."

ಹೆಚ್ಚು ಮಾತಾಡಿದರೆ ನಾಯಿಯೇ ಬೇಡ ಅಂದಾರು ಎಂಬ ಭಯ ನನಗೆ. ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ತಲೆ ಸವರಿದರೆ ಅತ್ತುಬಿಡುತ್ತೇನೆಂದು ಸವರದೆ ಹೊಂಡ ಬಳಸಿ ರಸ್ತೆಗೆ ಬಂದೆ. ಜಯಮ್ಮ ಹಗ್ಗ ತರಲು ಕೊಟ್ಟಿಗೆಯೊಳಕ್ಕೆ ಹೋಗಿದ್ದರು. ನಾನು ಬಂದದ್ದು ನೋಡಿದ ಮುನಿರಾಜು ಆಟೋ ಸ್ಟಾರ್ಟ್ ಮಾಡಿದ.

ಬೆಳಗ್ಗೆಯಿಂದ ಕೇಳಿದ ಶಬ್ದ ಅದು. ಬೋಂಡ ಮಂಚದಡಿಯಿಂದ ಎದ್ದು ಬಾಲ ಆಡಿಸುತ್ತ ನೆಟ್ಟಗೆ ನಮ್ಮತ್ತ ನಡೆದ. ನೆಟ್ಟಗೆ ಎಂದರೆ ಬೇಲಿ ಬಿದ್ದ ಜಾಗಕ್ಕೇ. ಕೂಗಲು ಬಾಯಿ ತೆರೆದೆ. ಕೂಗಿದರೆ ನನ್ನ ದನಿ ಹಿಡಿದು ಓಡಿಯೇ ಬರುತ್ತಾನೆ! ಸೆರಗನ್ನು ಬಾಯಿಗೆ ತುರುಕಿಕೊಂಡು ಕೈ ಚಾಚಿ ಆಟೋದ ಬೀಗದ ಕೈ ತಿರುಗಿಸಿಬಿಟ್ಟೆ.

ಶಬ್ದ ನಿಂತಿತು. ಬೋಂಡನೂ ನಿಂತ. ಒಂದು ಮುಂಗಾಲು ಪ್ಲಾಸ್ಟಿಕ್ಕಿನ ಮೇಲಿತ್ತು.

ಕೊಟ್ಟಿಗೆಯಿಂದ ಹೊರಬಂದ ಜಯಮ್ಮ ಕೈಗೆ ಸಿಕ್ಕ ಹಾಲಿನ ಕ್ಯಾನು ಬಡಿಯತೊಡಗಿದರು. "ಬಾರೋ ನನ್ನಪ್ಪ, ಈ ಕಡೀಕೆ ಬಾರೋ!" ಬೋಂಡ ಹರಿದ ಕಿವಿ ತಿರುಗಿಸಿದ. ಆಮೇಲೆ ಮೈ ತಿರುಗಿಸಿದ. ನಾನು ಬಾಯಿಂದ ಸೆರಗು ತೆಗೆದೆ.

ಜಯಮ್ಮ ಅವನನ್ನು ಬಾಚಿ ತಬ್ಬಿಕೊಂಡು, ತಮ್ಮ ಹಗ್ಗದಲ್ಲಿ ಕಂಬಕ್ಕೆ ಕಟ್ಟಿದರು. ಬಳಿಕ ಜಗಲಿ ಹತ್ತಿ ಅತ್ತೆಯ ಮಂಚವನ್ನು ದರದರ ಎಳೆದುಕೊಂಡು ಬಂದು ಬೇಲಿಯ ಕಂಡಿಗೆ ಅಡ್ಡ ಹಾಕಿದರು. ಬೆವರು ಒರೆಸಿಕೊಂಡು, ಹೋಗಿ ಎಂದು ನಮಗೆ ಕೈಸನ್ನೆ ಮಾಡಿದರು.

ಬೋಂಡ ಇನ್ನೂ ಕಿವಿ ನಿಮಿರಿಸಿ ನಮ್ಮತ್ತಲೇ ಮುಖ ಮಾಡಿದ್ದ. ಸ್ಟಾರ್ಟ್ ಮಾಡಲೇ ಎಂಬಂತೆ ಮುನಿರಾಜು ಬೀಗದ ಕೈ ತೋರಿಸಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ಮಾತಿಲ್ಲ, ಕೆಮ್ಮಿಲ್ಲ. ಹೆಗಲ ಮೇಲಿನ ಹಗ್ಗ ಜಾರಿದರೂ ಎತ್ತಿಕೊಳ್ಳಲು ನಿಲ್ಲದೆ ಹಲ್ಲಲ್ಲಿ ಕಚ್ಚಿಕೊಂಡೆ.

ತಿರುವು ದಾಟಿ ಮನೆ ಮರೆಯಾದ ಮೇಲೆ ಮುನಿರಾಜು ಪಿಸುಗುಟ್ಟಿದ: "ಈಗ ಸ್ಟಾರ್ಟ್ ಮಾಡ್ಲಾ ಅಕ್ಕ?"

"ಇನ್ನೊಂಚೂರು ತಳ್ಳೋಣ ಕಣಪ್ಪ" ಎಂದೆ.