ಮೂರನೇ ಬ್ಲಾಕಿನ ಕಾಣದ ಮೆಸೇಜುಗಳು

ಮುತ್ತಮ್ಮನ ಮಗಳು ಸ್ವಾತಿಯ ಹಟ ನನಗೆ ಹೊಸದಲ್ಲ. ಬಾಳೂರು ಕಡೆಯ ಈ ಕಾಫಿ ಎಸ್ಟೇಟಿಗೆ ಇಪ್ಪತ್ತೆರಡು ವರ್ಷದಿಂದ ಲೆಕ್ಕಪತ್ರ ಬರೆಯುವ ರೈಟರ್ ನಾನೇ. ಚಿಕ್ಕಂದಿನಲ್ಲಿ, ತಾಯಿ ಹಣ್ಣು ಕುಯ್ಯುವಾಗ, ಈ ಪುಣ್ಯಾತ್ಗಿತ್ತಿ ಆಫೀಸಿನ ಜಗಲಿಯಲ್ಲಿ ಕೂತು ನನ್ನ ರೇಡಿಯೋ ಬಿಚ್ಚಿ ಹಾಳು ಮಾಡಿದ್ದಳು. ಮೂಡಿಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಈಗ ತೋಟಗಳಿಗೆ ಆನೆ ಸೈರನ್ ಕೂರಿಸುತ್ತಾಳೆ. ನೆಲದೊಳಗಿನ ಸೆನ್ಸರಿಗೆ ಆನೆಯ ಹೆಜ್ಜೆ ತಿಳಿದರೆ ಸೈರನ್ ಕೂಗಬೇಕು. ಆ ಸುದ್ದಿ ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಆಫೀಸಿನ ಕಂಪ್ಯೂಟರಿನ ತಿರುಳಾದ ಕರ್ನಲ್ ಒಳಗೆ ಬರೆದು ಸೇರಿಸಿದವಳು ಅವಳೇ.

ಆ ಬೆಳಿಗ್ಗೆ ಮೂರನೇ ಬ್ಲಾಕಿಗೆ ಆಳು ಇಳಿಯಲು ಕಾಲು ಗಂಟೆ ಇತ್ತು. ತಪಾಸಣೆಗೆ ಬಂದ ಸ್ವಾತಿ ಆ ಕಂಪ್ಯೂಟರಿನ ಮುಂದೆ ಕೂತು ಚಳಿಯಲ್ಲೂ ಬೆವತಿದ್ದಳು.

"ಪ್ರತಿ ಹೆಜ್ಜೆಗೂ ಡ್ರೈವರ್ ಒಂದು ಮೆಸೇಜ್ ಬರೀಬೇಕು. ಒಂದೂ ಕಾಣ್ತಿಲ್ಲ. ಆಳು ಇಳಿಸ್ಬೇಡಿ."

"ಸೈರನ್ ಕೂಗಿಲ್ಲ ಅಂದ್ರೆ ಆನೆ ಇಲ್ಲ ಮಾರಾಯ್ತಿ! ಹಣ್ಣು ಉದುರ್ತಾ ಇದೆ, ಸಾಹುಕಾರ್ರಿಗೆ ಏನಂತ ಹೇಳ್ಲಿ?" ಸಿಟ್ಟು ನನ್ನ ನೆತ್ತಿಗೇರಿತ್ತು.

"ಆನೆ ಇಲ್ವೋ, ಡ್ರೈವರೇ ಸತ್ತಿದೆಯೋ ನಂಗೊತ್ತಿಲ್ಲ. ಮೊದಲು ಇಳಿಯೋಳು ನಮ್ಮವ್ವ."

ಅವಳು ಕೋಡಿನ ಸಾಲು ಸಾಲು ತಡಕುತ್ತಿದ್ದಳು. ಹೊರಗೆ ಮೇಸ್ತ್ರಿ ಕೆಂಚಯ್ಯ ಹಾಜರಿ ಕೂಗತೊಡಗಿದ. ಗಟ್ಟಿಯಾಗಿ 'ಓ' ಅನ್ನದವರು ಬಂದೇ ಇಲ್ಲ ಎನ್ನುವುದು ಅವನ ಕಾನೂನು. ಮುತ್ತಮ್ಮನದು ಮೆತ್ತಗಿನ ದನಿ.

"ಮುತ್ತಮ್ಮ ಇಲ್ಲ!"

"ಅಯ್ಯೋ, ಇಲ್ಲೇ ನಿಂತಿದ್ದೀನಲ್ಲ ಮೇಸ್ತ್ರಿ!"

ಸ್ವಾತಿಯ ಬೆರಳು ತಟ್ಟನೆ ನಿಂತಿತು. "ಇದ್ರೂ ಕೇಳಿಸ್ದಿದ್ರೆ ಇಲ್ಲ ಅಂತಾನೆ... ರೈಟ್ರೇ, ಈ ಕಂಪ್ಯೂಟರಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ಹೋದ ವಾರ ಅವಳ ಮೆಸೇಜುಗಳು ಸ್ಕ್ರೀನಿನ ತುಂಬ ಸುರಿದು ತಲೆ ಕೆಡಿಸಿದ್ದವು. ಫೋನಿನಲ್ಲಿ ಹುಡುಕಿ, ಕಂಪ್ಯೂಟರಿಗೇ ತೀರಾ ಆಪತ್ತು ಬಂದಾಗಿನವು ಮಾತ್ರ ಕಾಣುವಂತೆ ಮೆಸೇಜಿನ ಮಟ್ಟ ಇಳಿಸಿಬಿಟ್ಟಿದ್ದೆ. ಹೇಳಿದೆ. ಹೇಳುವಾಗ ನಾಚಿಕೆಯಾಯಿತು.

"ಹಾಗಾದ್ರೆ ಸ್ಕ್ರೀನಲ್ಲಿ ಕಾಣ್ದಿದ್ರೂ ಒಳಗೆ ಬಫರಲ್ಲಿ, ಕಂಪ್ಯೂಟರಿನ ನೆನಪಲ್ಲಿ, ಇದ್ದೇ ಇರ್ತವೆ. ಗಾಬರೀಲಿ ನಾನೂ ಸ್ಕ್ರೀನನ್ನೇ ನಂಬಿದೆ," ಎಂದು ಒಂದು ಕಮಾಂಡ್ ಕುಟ್ಟಿದಳು.

ಸಾಲುಗಳು ಬಂದವು. ಮೂರನೇ ಬ್ಲಾಕ್, ಹೆಜ್ಜೆ, ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಏಳು ಮೂವತ್ತೊಂದು. ಏಳು ಐವತ್ತು. ಪ್ರತಿಯೊಂದರ ಕೆಳಗೂ, ಸೈರನ್ ಉತ್ತರಿಸುತ್ತಿಲ್ಲ.

ಬರಿಗಾಲಲ್ಲೇ ಓಡಿದೆ. ಮುತ್ತಮ್ಮ ಆಗಲೇ ಗೇಟು ದಾಟಿದ್ದಳು. "ನಿಲ್ಲೇ! ಇಳೀಬೇಡ!" ಎಂದು ಕಿರುಚಿ ಅವಳ ರಟ್ಟೆ ಹಿಡಿದು ಎಳೆದೆ. ಕೆಳಗೆ ಸಿಲ್ವರ್ ಓಕ್ ಮರದ ಹತ್ತಿರ ಕೊಂಬೆ ಮುರಿದ ಸದ್ದಾಯಿತು. ಆಮೇಲೆ ನೋಡಿದರೆ ಸೈರನ್ನಿನ ತಂತಿಯನ್ನೇ ಆನೆ ಕಿತ್ತು ಹಾಕಿತ್ತು.

ಮಾರನೇ ದಿನದಿಂದ ಹಾಜರಿ ಹೊತ್ತಿಗೆ ನಾನೂ ಅಂಗಳಕ್ಕೆ ಇಳಿಯುತ್ತೇನೆ. ಮುತ್ತಮ್ಮನ ಮುಖ ನೋಡಿಯೇ ಟಿಕ್ ಹಾಕುತ್ತೇನೆ.